‘ಇಲ್ಲ’ ಮತ್ತು ‘ಕೂಡದು’

‘ಇಲ್ಲ’ ಎಂಬುದಕ್ಕೂ ‘ಕೂಡದು’ ಎಂಬುದಕ್ಕೂ ಇರುವ ಭೇದವನ್ನು ಚಿಕ್ಕ ಮಕ್ಕಳೂ ಬಲ್ಲರು. ಕಡತಗಳನ್ನು ದೂರದ ಗಣಕಯಂತ್ರಗಳಲ್ಲಿರಿಸಿ ಅಂತರ್ಜಾಲದ ಮೂಲಕ ತರಿಸಿಕೊಳ್ಳುವ ‘ಕ್ಲೌಡ್’ ಉಗ್ರಾಣಗಳಲ್ಲಿ ಈ ಭೇದವು ಅಂಕೆಗಳ ರೂಪವನ್ನು ತಾಳಿದೆ. ಕೇಳಿದ ಕಡತವಿಲ್ಲದಿದ್ದರೆ 404, ಕೇಳಿದವನಿಗೆ ಅಧಿಕಾರವಿಲ್ಲದಿದ್ದರೆ 403. ವಿಷಯವು ಇಷ್ಟೇ ಆಗಿದ್ದರೆ ಈ ಲೇಖನಕ್ಕೆ ಅವಕಾಶವೇ ಇರುತ್ತಿರಲಿಲ್ಲ.

ಅಮೆಜಾನ್ ಸಂಸ್ಥೆಯು 2006ರಲ್ಲಿ ಆರಂಭಿಸಿದ ‘ಎಸ್3’ ಎಂಬ ಉಗ್ರಾಣವನ್ನೇ ನೋಡೋಣ. ಇಲ್ಲಿ ಕಡತಗಳನ್ನಿಡುವ ವಿಭಾಗಕ್ಕೆ ‘ಬಕೆಟ್’ ಎಂದು ಹೆಸರು. ಕಡತವನ್ನು ಓದುವ ಅಧಿಕಾರ ಬೇರೆ. ಬಕೆಟ್ಟಿನಲ್ಲಿ ಏನೇನಿದೆಯೆಂಬ ಪಟ್ಟಿಯನ್ನು ನೋಡುವ ಅಧಿಕಾರ ಬೇರೆ. ಮೊದಲನೆಯದಿದ್ದು ಎರಡನೆಯದಿಲ್ಲದವನು, ಅಲ್ಲಿ ಇಲ್ಲವೇ ಇಲ್ಲದ ಕಡತವನ್ನು ಕೇಳಿದರೂ ದೊರೆಯುವ ಉತ್ತರ 404 ಅಲ್ಲ, 403! ಇದು ವಿಚಿತ್ರವೆಂದು ತೋರಬಹುದು. ಆದರೆ ‘ಇಲ್ಲ’ ಎಂಬುದೂ ಒಂದು ಸಮಾಚಾರವೇ ಅಲ್ಲವೆ? ಹೊರಗಿನವನು ಊಹೆಯಿಂದ ಒಂದೊಂದೇ ಹೆಸರನ್ನು ಕೇಳುತ್ತ, ಯಾವುದು ಇದೆ ಯಾವುದು ಇಲ್ಲವೆಂದು ತಿಳಿದು ತಾನೇ ಪಟ್ಟಿಯನ್ನು ಕಟ್ಟಿಕೊಂಡಾನು. ಕಾವಲುಗಾರನ ಈ ಜಾಣತನ ನಮಗಂತೂ ಉಚಿತವೆಂದೇ ತೋರುತ್ತದೆ. ಇದಕ್ಕೆ ವಿಪರೀತವಾದ ವೇಷವೂ ಉಂಟು: ಇರುವುದನ್ನು ಮರೆಮಾಡಲು 403ಕ್ಕೆ ಬದಲಾಗಿ 404 ಎಂದು ಹೇಳಲು ಎಚ್‌ಟಿಟಿಪಿ ನಿಯಮಾವಳಿಯು ಅವಕಾಶವಿತ್ತಿದೆ.

ಈ ಸೂಕ್ಷ್ಮವನ್ನು ಗಮನಿಸದ ಕ್ರಮವಿಧಿಯಿಂದ ಅನರ್ಥವಾದೀತು. ಒಂದು ಕ್ರಮವಿಧಿಯು ಪ್ರತಿದಿನವೂ ಹಳೆಯ ಲೆಕ್ಕದ ಕಡತವನ್ನು ಓದಿ, ಆ ದಿನದ ಲೆಕ್ಕವನ್ನು ಕೂಡಿಸಿ ಮರಳಿ ಬರೆಯುತ್ತದೆಯೆನ್ನೋಣ. ಓದಲಾಗದಿದ್ದರೆ ‘ಕಡತವಿನ್ನೂ ಹುಟ್ಟಿಲ್ಲ’ವೆಂದು ಬಗೆದು ಹೊಸದನ್ನು ಬರೆಯುವಂತೆ ಅದನ್ನು ರಚಿಸಲಾಗಿದೆ. ಒಂದು ದಿನ ಯಾರೋ ಅದರ ಓದುವ ಅಧಿಕಾರವನ್ನು ಕಿತ್ತುಕೊಂಡು, ಬರೆಯುವ ಅಧಿಕಾರವನ್ನು ಮಾತ್ರ ಉಳಿಸುತ್ತಾರೆ. ಉತ್ತರ 403. ಕ್ರಮವಿಧಿ ಅದನ್ನು ‘ಇಲ್ಲ’ವೆಂದೇ ತಿಳಿದು, ಬರಿದಾದ ಕಡತವನ್ನು ಹಳೆಯದರ ಮೇಲೆಯೇ ಬರೆದುಬಿಡುತ್ತದೆ. ಹಿಂದಿನ ಪ್ರತಿಗಳನ್ನು ಉಳಿಸುವ ಏರ್ಪಾಡನ್ನು ಮೊದಲೇ ಮಾಡಿರದಿದ್ದರೆ ವರ್ಷಗಳ ಲೆಕ್ಕವು ಕ್ಷಣಮಾತ್ರದಲ್ಲಿ ನಷ್ಟ!

ಆದುದರಿಂದ 404 ಬಂದಾಗ ಮಾತ್ರ ಹೊಸ ಕಡತವನ್ನು ಸೃಷ್ಟಿಸತಕ್ಕದ್ದು. 403 ಬಂದರೆ ಕೆಲಸವನ್ನು ನಿಲ್ಲಿಸಿ ಮನುಷ್ಯನಿಗೆ ತಿಳಿಸಬೇಕು. ಉಗ್ರಾಣಕ್ಕೆ ಕೆಲಸ ಹೆಚ್ಚಾದಾಗ ಬರುವ 503ರಂತೆ ಇದು ತುಸು ಕಾಯ್ದು ಮತ್ತೆ ಕೇಳಿದರೆ ಸರಿಹೋಗುವಂಥದಲ್ಲ. ಕ್ರಮವಿಧಿಗೆ ಪಟ್ಟಿ ನೋಡುವ ಅಧಿಕಾರವನ್ನೂ ಕೊಟ್ಟರೆ ಎಸ್3 ನಿಜವಾದ 404ನ್ನೇ ನೀಡುತ್ತದೆ. 2024ರಿಂದ ಇನ್ನೊಂದು ಅನುಕೂಲವೂ ದೊರೆತಿದೆ. ‘ಈ ಹೆಸರಿನ ಕಡತ ಇಲ್ಲದಿದ್ದರೆ ಮಾತ್ರ ಬರೆ’ ಎಂಬ ನಿಬಂಧನೆಯನ್ನು ಕೋರಿಕೆಯೊಡನೆಯೇ ಕಳುಹಿಸಬಹುದು. ಕಡತವು ಮೊದಲೇ ಇದ್ದರೆ ಉಗ್ರಾಣವು 412 ಎಂದುತ್ತರಿಸಿ, ಹಳೆಯದನ್ನು ಮುಟ್ಟದೆ ಬಿಡುತ್ತದೆ.