ಜಗುಲಿಯ ಮಾತು, ವೈದ್ಯರ ಮಾತು

ಊರಿನಲ್ಲಿ ಯಾರಿಗಾದರೂ ಕಾಯಿಲೆಯಾದರೆ ವೈದ್ಯರಿಗಿಂತ ಮೊದಲು ಸಲಹೆ ಕೊಡುವವರು ಹತ್ತು ಮಂದಿ ಇರುತ್ತಾರೆ. ಜಗುಲಿಯ ಮೇಲೆ, ಬಾವಿಯ ಕಟ್ಟೆಯ ಬಳಿ, ಸಂತೆಗೆ ಹೋಗುವ ಬಸ್ಸಿನಲ್ಲಿ ಕೇಳಿದ ಮಾತು ಮನಸ್ಸಿನಲ್ಲಿ ಬೇರೂರಿ ನಿಲ್ಲುತ್ತದೆ. ಈಗಂತೂ ಕೈಯಲ್ಲಿರುವ ಮೊಬೈಲ್ ಫೋನೂ ಈ ಸಲಹೆಗಾರರ ಸಾಲಿಗೆ ಸೇರಿಕೊಂಡಿದೆ. ಹಿರಿಯರು ಹೇಳುವುದೆಲ್ಲವೂ ತಪ್ಪೆಂದು ನಾವು ಹೇಳುವುದಿಲ್ಲ. ಬಾಣಂತಿಗೆ ವಿಶ್ರಾಂತಿ ಬೇಕು, ಎಳೆಗೂಸನ್ನು ಬೆಚ್ಚಗಿಡಬೇಕು ಎಂದು ವೈದ್ಯಶಾಸ್ತ್ರ ಹೇಳುವುದಕ್ಕೆ ಎಷ್ಟೋ ಮೊದಲೇ ಅವರು ಹೇಳಿದ್ದರು. ಆದರೆ ಕೆಲವು ತಪ್ಪು ಕಲ್ಪನೆಗಳಿಗೆ ಮನೆಯ ಹೆಣ್ಣುಮಗಳೋ ಹಸುಗೂಸೋ ಬೆಲೆ ತೆರಬೇಕಾಗುತ್ತದೆ. ಅಂಥ ಕೆಲವನ್ನು ಶಸ್ತ್ರವೈದ್ಯರು, ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರು ಹಾಗೂ ಮಕ್ಕಳ ತಜ್ಞರು ಹೇಗೆ ವಿವರಿಸುತ್ತಾರೆಂಬುದನ್ನು ಇಲ್ಲಿ ತಿಳಿಸಿದ್ದೇವೆ. ಗಂಡಹೆಂಡಿರಿಬ್ಬರೂ ಒಟ್ಟಿಗೆ ಕುಳಿತು ಇದನ್ನು ಓದಬೇಕೆಂಬುದು ನಮ್ಮ ಕೋರಿಕೆ. ಒಬ್ಬರಿಗೆ ಓದು ಬಾರದಿದ್ದರೆ ಇನ್ನೊಬ್ಬರು ಓದಿ ಹೇಳಬಹುದು.

ಶಸ್ತ್ರವೈದ್ಯರು ಹೇಳುವುದು

ಪುರುಷರ ಸಂತಾನ ನಿರೋಧ ಶಸ್ತ್ರಚಿಕಿತ್ಸೆಯ ಬಗ್ಗೆ ಬಾಯಿಬಿಟ್ಟು ಕೇಳುವವರು ಕಡಿಮೆ. ಮನಸ್ಸಿನಲ್ಲಿ ಅಂಜುವವರೇ ಹೆಚ್ಚು. ಆ ಅಂಜಿಕೆಯ ಮೂಲ ಎಲ್ಲಿದೆಯೆಂಬುದು ಹಳ್ಳಿಯಲ್ಲಿ ಹುಟ್ಟಿ ಬೆಳೆದ ಯಾವ ವೈದ್ಯರಿಗೂ ಗೊತ್ತು. ಅದು ದನದ ಕೊಟ್ಟಿಗೆಯಲ್ಲಿದೆ. ಉಳುಮೆಗೆ ಬೇಕೆಂದು ಹೋರಿಯ ಬೀಜ ಒಡೆಸುವುದನ್ನು ನೀವು ಕಂಡಿದ್ದೀರಿ. ಕೊಬ್ಬಿ ಗುಟುರು ಹಾಕುತ್ತಿದ್ದ ಹೋರಿ ಕೆಲವು ತಿಂಗಳುಗಳಲ್ಲಿ ಸಾಧುವಾಗುತ್ತದೆ, ಹಸುವಿನ ಕಡೆ ತಿರುಗಿಯೂ ನೋಡುವುದಿಲ್ಲ. ಮನುಷ್ಯನಿಗೂ ಹಾಗೆಯೇ ಆಗಬಹುದೆಂಬ ಶಂಕೆ ಹುಟ್ಟುವುದು ಸಹಜ. ಈ ಶಂಕೆಯನ್ನು ನಕ್ಕು ತಳ್ಳಿಹಾಕುವುದು ಸರಿಯಲ್ಲ. ಅದಕ್ಕೆ ಉತ್ತರ ಕೊಡಬೇಕು.

ಹೋರಿಯ ಬೀಜ ಒಡೆಯುವಾಗ ಇಕ್ಕಳದಿಂದ ಅದುಮುವುದು ವೃಷಣಕ್ಕೆ ರಕ್ತ ಒಯ್ಯುವ ನಾಳಗಳನ್ನು. ರಕ್ತವಿಲ್ಲದೆ ವೃಷಣಗಳೇ ಒಣಗಿ ಸಣ್ಣದಾಗುತ್ತವೆ. ವೃಷಣದಲ್ಲಿ ಎರಡು ಬಗೆಯ ವಸ್ತುಗಳು ಉತ್ಪತ್ತಿಯಾಗುತ್ತವೆ. ಒಂದು, ಮಗುವಾಗಲು ಬೇಕಾದ ವೀರ್ಯಾಣು. ಇನ್ನೊಂದು, ಮೀಸೆ ಗಡ್ಡ, ಗಂಡುದನಿ, ಮೈಕಟ್ಟು, ಕಾಮೇಚ್ಛೆ ಇವುಗಳಿಗೆಲ್ಲ ಕಾರಣವಾದ ಹಾರ್ಮೋನು. ಹೋರಿಯಲ್ಲಿ ಎರಡೂ ನಿಂತುಹೋಗುತ್ತವೆ. ಪುರುಷರ ಶಸ್ತ್ರಚಿಕಿತ್ಸೆಯಲ್ಲಿಯಾದರೋ ವೃಷಣಗಳನ್ನು ವೈದ್ಯರು ಮುಟ್ಟುವುದೇ ಇಲ್ಲ. ವೀರ್ಯಾಣುಗಳು ಮೇಲಕ್ಕೆ ಸಾಗುವ ಎರಡು ಸಣ್ಣ ನಾಳಗಳನ್ನು ಮಾತ್ರ ಕತ್ತರಿಸಿ ಕಟ್ಟುತ್ತಾರೆ. ಹಾರ್ಮೋನು ಆ ನಾಳಗಳ ಮೂಲಕ ಹರಿಯುವುದಿಲ್ಲ. ಅದು ನೇರವಾಗಿ ರಕ್ತಕ್ಕೆ ಸೇರುತ್ತದೆ, ಮುಂದೆಯೂ ಸೇರುತ್ತಲೇ ಇರುತ್ತದೆ. ಕಾಲುವೆಯ ತೂಬನ್ನು ಮುಚ್ಚಿದ ಮಾತ್ರಕ್ಕೆ ಕೆರೆ ಬತ್ತುವುದಿಲ್ಲವಷ್ಟೆ.

ಹೊರಬರದ ವೀರ್ಯಾಣುಗಳು ಒಳಗೇ ಕೂಡಿಕೊಂಡು ಬಾವು ಬರಿಸುವುದಿಲ್ಲವೆ ಎಂದು ಕೆಲವರು ಕೇಳುತ್ತಾರೆ. ಇಲ್ಲ. ಹಳೆಯವಾದ ವೀರ್ಯಾಣುಗಳನ್ನು ದೇಹವೇ ಕರಗಿಸಿಕೊಳ್ಳುತ್ತದೆ. ಸಂಭೋಗದಲ್ಲಿ ವೀರ್ಯ ಹೊರಬರುವುದೂ ನಿಲ್ಲುವುದಿಲ್ಲ. ವೀರ್ಯದ ಬಹುಭಾಗ ತಯಾರಾಗುವುದು ಕಟ್ಟಿದ ಜಾಗಕ್ಕಿಂತ ಮೇಲಿರುವ ಗ್ರಂಥಿಗಳಲ್ಲಿ. ವೀರ್ಯಾಣುಗಳ ಪಾಲು ಅದರಲ್ಲಿ ಬಹಳ ಅಲ್ಪ. ಆದಕಾರಣ ಗಂಡನಿಗಾಗಲಿ ಹೆಂಡತಿಗಾಗಲಿ ವ್ಯತ್ಯಾಸ ತಿಳಿಯುವುದಿಲ್ಲ. ಇದನ್ನು ಬರೆಯುವಾಗ ನಮಗೂ ಸ್ವಲ್ಪ ಸಂಕೋಚವೆನಿಸುತ್ತದೆ. ಆದರೆ ಸಂಕೋಚದಿಂದ ಹೇಳದೆ ಬಿಟ್ಟದ್ದೇ ಜಗುಲಿಯ ಮಾತಿಗೆ ದಾರಿಮಾಡಿಕೊಟ್ಟಿತು.

ಇಂದು ಬಳಕೆಯಲ್ಲಿರುವ, ಚಾಕುವಿನ ಗಾಯವಿಲ್ಲದ ವಿಧಾನವನ್ನು 1974ರಲ್ಲಿ ಚೀನಾದ ವೈದ್ಯ ಲಿ ಶುಂಚಿಯಾಂಗ್ ರೂಪಿಸಿದರು. ಚರ್ಮಕ್ಕೆ ಮರಗಟ್ಟಿಸುವ ಸೂಜಿಮದ್ದು ಕೊಟ್ಟು, ಒಂದು ಸಣ್ಣ ರಂಧ್ರದ ಮೂಲಕ ಎರಡೂ ನಾಳಗಳನ್ನು ಹೊರಗೆಳೆದು ಕಟ್ಟುತ್ತಾರೆ. ಹೊಲಿಗೆ ಬೇಕಾಗುವುದಿಲ್ಲ. ಅರ್ಧ ಗಂಟೆಯೊಳಗೆ ಕೆಲಸ ಮುಗಿದು, ಸ್ವಲ್ಪ ಹೊತ್ತು ವಿಶ್ರಮಿಸಿ ಅಂದೇ ಮನೆಗೆ ನಡೆದು ಹೋಗಬಹುದು. ಎರಡು ದಿನ ವಿಶ್ರಾಂತಿ ಅವಶ್ಯ. ನೇಗಿಲು ಹಿಡಿಯುವುದು, ಮೂಟೆ ಹೊರುವುದು, ಸೈಕಲ್ ತುಳಿಯುವುದು ಇವನ್ನು ಒಂದು ವಾರ ಬಿಡಬೇಕು. ಆಮೇಲೆ ಎಂದಿನಂತೆ ಬೇಸಾಯ ಮಾಡಲು ಅಡ್ಡಿಯಿಲ್ಲ. ಕೆಲವರಿಗೆ ಸ್ವಲ್ಪ ಊತ, ನೋವು ಇರುವುದುಂಟು. ಜ್ವರ ಬಂದರೆ, ಊತ ಹೆಚ್ಚುತ್ತ ಹೋದರೆ, ಕೀವು ಕಂಡರೆ ತಡಮಾಡದೆ ಆಸ್ಪತ್ರೆಗೆ ಬರಬೇಕು.

ಬಹಳ ಜನ ಎಡವುವ ಜಾಗವೊಂದಿದೆ. ಶಸ್ತ್ರಚಿಕಿತ್ಸೆಯಾದ ಕ್ಷಣದಿಂದಲೇ ಗರ್ಭ ನಿಲ್ಲುವುದಿಲ್ಲವೆಂದು ತಿಳಿಯಬಾರದು. ಕಟ್ಟಿದ ಜಾಗದಿಂದ ಮುಂದೆ ಆಗಲೇ ಸೇರಿದ್ದ ವೀರ್ಯಾಣುಗಳು ಖಾಲಿಯಾಗಲು ಸುಮಾರು ಮೂರು ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ನಿರೋಧ್ ಅಥವಾ ಬೇರಾವುದಾದರೂ ವಿಧಾನವನ್ನು ಅನುಸರಿಸಬೇಕು. ಮೂರು ತಿಂಗಳಾದ ಬಳಿಕ ವೀರ್ಯ ಪರೀಕ್ಷೆ ಮಾಡಿಸಿ, ವೀರ್ಯಾಣುಗಳಿಲ್ಲವೆಂದು ವೈದ್ಯರು ಹೇಳಿದ ಮೇಲೆ ಮಾತ್ರ ನಿಶ್ಚಿಂತರಾಗಬಹುದು. ಈ ಪರೀಕ್ಷೆ ಮಾಡಿಸದೆ, ಎರಡನೆಯ ತಿಂಗಳಲ್ಲಿ ಹೆಂಡತಿ ಬಸಿರಾದಳೆಂದು ಅವಳ ನಡತೆಯನ್ನೇ ಶಂಕಿಸುವುದು ಘೋರ ಅನ್ಯಾಯ. ತಪ್ಪಿದ್ದು ಅವಳಲ್ಲ, ತಪ್ಪಿಸಿಕೊಂಡದ್ದು ಪರೀಕ್ಷೆ.

ಅಂಜಿಕೆಗೆ ಇನ್ನೊಂದು ಕಾರಣವೂ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಸಂತಾನ ನಿಯಂತ್ರಣದ ಸಲಹೆ ನಮ್ಮ ನಾಡಿಗೆ ಹೊಸದಲ್ಲ. 1930ರಷ್ಟು ಹಿಂದೆಯೇ ಮೈಸೂರು ಸಂಸ್ಥಾನದ ಸರ್ಕಾರ ಇದಕ್ಕಾಗಿ ಚಿಕಿತ್ಸಾಲಯಗಳನ್ನು ತೆರೆದಿತ್ತು. ರಾಷ್ಟ್ರದ ಕಾರ್ಯಕ್ರಮ ಆರಂಭವಾದದ್ದು 1952ರಲ್ಲಿ. ಆದರೆ 1975ರಿಂದ 1977ರವರೆಗಿನ ತುರ್ತು ಪರಿಸ್ಥಿತಿಯ ಕಾಲದಲ್ಲಿ ದೇಶದ ಹಲವೆಡೆ ಪುರುಷರನ್ನು ಬಲವಂತದಿಂದ ಶಸ್ತ್ರಚಿಕಿತ್ಸೆಗೆ ಒಳಪಡಿಸಲಾಯಿತು. 1976-77ರ ಒಂದೇ ವರ್ಷದಲ್ಲಿ 60 ಲಕ್ಷಕ್ಕೂ ಹೆಚ್ಚು ಪುರುಷರ ಶಸ್ತ್ರಚಿಕಿತ್ಸೆಗಳು ನಡೆದವು. ಅಂದಿನ ಭಯ ತಂದೆಯಿಂದ ಮಗನಿಗೆ ಇಳಿದು ಬಂದಿದೆ. ಪರಿಣಾಮವೇನಾಯಿತೆಂದರೆ, ಗಂಡಸರು ಹಿಂದೆ ಸರಿದರು, ಹೊರೆಯೆಲ್ಲ ಹೆಂಗಸರ ಮೇಲೆ ಬಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ದಂಪತಿಗಳಲ್ಲಿ ಸ್ತ್ರೀಯರ ಶಸ್ತ್ರಚಿಕಿತ್ಸೆಯನ್ನು ಅವಲಂಬಿಸಿದವರು ನೂರಕ್ಕೆ 37.9, ಪುರುಷರ ಶಸ್ತ್ರಚಿಕಿತ್ಸೆಯನ್ನು ಅವಲಂಬಿಸಿದವರು ನೂರಕ್ಕೆ 0.3. ಹೊಟ್ಟೆಯನ್ನು ತೆರೆದು ಮಾಡಬೇಕಾದ ಕಠಿಣ ಚಿಕಿತ್ಸೆಗೆ ಇಷ್ಟು ಜನ, ಚರ್ಮದಲ್ಲಿ ಒಂದು ರಂಧ್ರ ಮಾಡಿದರೆ ಸಾಕಾಗುವ ಚಿಕಿತ್ಸೆಗೆ ಅಷ್ಟು ಜನ!

ಇಂದು ಯಾರನ್ನೂ ಬಲವಂತ ಮಾಡುವಂತಿಲ್ಲ. ನಿಮಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ, ಒಪ್ಪಿಗೆಪತ್ರವನ್ನು ಓದಿ ಹೇಳಿದ ಮೇಲೆಯೇ ನಿಮ್ಮ ಸಹಿ ಪಡೆಯಬೇಕು. ಶಸ್ತ್ರಚಿಕಿತ್ಸೆಯ ಮೇಜಿನ ಬಳಿಗೆ ಹೋದ ಮೇಲೂ ಬೇಡವೆನ್ನುವ ಹಕ್ಕು ನಿಮಗಿದೆ. ನಾಳಗಳನ್ನು ಮತ್ತೆ ಜೋಡಿಸುವ ಚಿಕಿತ್ಸೆ ಕಷ್ಟದ್ದು, ಅದು ಫಲಿಸುವುದೆಂಬ ಭರವಸೆಯೂ ಇಲ್ಲ. ಆದುದರಿಂದ ಇನ್ನು ಮಕ್ಕಳು ಬೇಡವೆಂದು ಇಬ್ಬರೂ ನಿಶ್ಚಯಿಸಿದ್ದರೆ ಮಾತ್ರ ಇದನ್ನು ಆರಿಸಿಕೊಳ್ಳತಕ್ಕದ್ದು.

ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರು ಹೇಳುವುದು

ಇವರ ಬಳಿಗೆ ಹೆಂಗಸರು ಹೆರಿಗೆಗೆ ಮಾತ್ರ ಬರಬೇಕೆಂಬ ಭಾವನೆಯಿದೆ. ಮುಟ್ಟಿನ ತೊಂದರೆ, ಬಿಳಿಸೆರಗು, ಮಕ್ಕಳಾಗದಿರುವುದು, ಎರಡು ಬಸಿರುಗಳ ನಡುವಿನ ಅಂತರ, ಮುಟ್ಟು ನಿಲ್ಲುವ ಕಾಲದ ಬಾಧೆಗಳು ಇವೆಲ್ಲವೂ ಇವರ ವಿಷಯಗಳೇ.

ಸ್ತ್ರೀಯರ ಶಸ್ತ್ರಚಿಕಿತ್ಸೆಯಲ್ಲಿ ಗರ್ಭಕೋಶವನ್ನೇ ತೆಗೆಯುತ್ತಾರೆಂದು ಇಂದಿಗೂ ನಂಬಿದವರಿದ್ದಾರೆ. ಅಂಡವು ಸಾಗಿಬರುವ ನಾಳಗಳನ್ನು ಮಾತ್ರ ಕಟ್ಟಲಾಗುತ್ತದೆ. ಗರ್ಭಕೋಶವೂ ಅಂಡಾಶಯಗಳೂ ಇದ್ದಲ್ಲೇ ಇರುತ್ತವೆ, ತಿಂಗಳ ಮುಟ್ಟೂ ಬರುತ್ತದೆ. ಅಪರೂಪಕ್ಕೆ ಈ ಚಿಕಿತ್ಸೆ ವಿಫಲವಾಗುವುದುಂಟು. ಹಾಗಾಗಿ ಮುಟ್ಟು ತಪ್ಪಿದರೆ ಕಾಯದೆ ಪರೀಕ್ಷೆಗೆ ಬರಬೇಕು, ಏಕೆಂದರೆ ಅಂಥ ಗರ್ಭ ನಾಳದಲ್ಲೇ ನಿಂತು ಪ್ರಾಣಕ್ಕೆ ಅಪಾಯ ತರಬಹುದು.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಒಂದುಂಟು. ಬಿಳಿಸೆರಗು, ಸೊಂಟನೋವು ಎಂದು ಹೋದವರಿಗೆ ಗರ್ಭಕೋಶ ಕೊಳೆತಿದೆ, ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ ಎಂದು ಹೆದರಿಸುವವರಿದ್ದಾರೆ. ಬಿಳಿಸೆರಗಿಗೆ ಬಹುಮಟ್ಟಿಗೆ ಮಾತ್ರೆಗಳೇ ಸಾಕು. ಗರ್ಭಕೋಶ ತೆಗೆಯುವುದು ದೊಡ್ಡ ಶಸ್ತ್ರಚಿಕಿತ್ಸೆ. ಜೊತೆಗೆ ಅಂಡಾಶಯಗಳನ್ನೂ ತೆಗೆದರೆ ಚಿಕ್ಕ ವಯಸ್ಸಿನಲ್ಲೇ ಮುಟ್ಟು ನಿಂತವರ ಬಾಧೆಗಳು ಆರಂಭವಾಗುತ್ತವೆ, ಮೂಳೆಗಳು ಸವೆಯುತ್ತವೆ. ಸಾಲ ಮಾಡಿ ಒಪ್ಪಿಕೊಳ್ಳುವ ಮುನ್ನ ಸರ್ಕಾರಿ ಆಸ್ಪತ್ರೆಯಲ್ಲಿ ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳಿ.

ವಂಕಿ ಅಥವಾ ಕಾಪರ್ ಟಿ ಮೇಲಕ್ಕೇರಿ ಎದೆಗೆ ಸೇರುತ್ತದೆ ಎಂಬ ಮಾತನ್ನು ನೀವು ಕೇಳಿರಬಹುದು. ಗರ್ಭಕೋಶದಿಂದ ಎದೆಗೆ ಹೋಗುವ ದಾರಿಯೇ ದೇಹದಲ್ಲಿಲ್ಲ. ನಿಜವಾದ ತೊಂದರೆಗಳು ಬೇರೆ: ಮೊದಲ ಕೆಲವು ತಿಂಗಳು ಮುಟ್ಟಿನ ಸ್ರಾವ ಹೆಚ್ಚಬಹುದು, ವಂಕಿ ಜಾರಿ ಹೊರಬರಬಹುದು. ತೀರಾ ಅಪರೂಪವಾಗಿ ಗರ್ಭಕೋಶದ ಗೋಡೆಯನ್ನು ಚುಚ್ಚುವುದೂ ಉಂಟು. ಆದುದರಿಂದಲೇ ತರಬೇತಿ ಪಡೆದವರಿಂದ ಹಾಕಿಸಿಕೊಳ್ಳಬೇಕು. 380ಎ ಎಂಬ ಬಗೆಯ ಕಾಪರ್ ಟಿ ಹತ್ತು ವರ್ಷ ಕೆಲಸ ಮಾಡುತ್ತದೆ. ಬೇಕೆನಿಸಿದಾಗ ತೆಗೆಸಿದರೆ ಮತ್ತೆ ಗರ್ಭ ಧರಿಸಬಹುದು.

ಬಸುರಿಯರಿಗೆ ಕೊಡುವ ಕಬ್ಬಿಣಾಂಶದ ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತದೆ, ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಹೇಳಿ ಮಾತ್ರೆಗಳನ್ನು ಗಾಡಿನಲ್ಲೇ ಬಿಡಿಸುವ ಅತ್ತೆಯರಿದ್ದಾರೆ. ಕಪ್ಪಾಗುವುದು ಮಲ ಮಾತ್ರ. ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿ ರಕ್ತಹೀನರೆಂದು ಅದೇ ಸಮೀಕ್ಷೆ ತಿಳಿಸಿತು. ರಕ್ತಹೀನ ತಾಯಿಗೆ ಹೆರಿಗೆಯ ವೇಳೆ ಆಗುವ ಸಾಮಾನ್ಯ ರಕ್ತಸ್ರಾವವೂ ಮಾರಕವಾಗಬಹುದು. ನಾಲ್ಕನೆಯ ತಿಂಗಳಿನಿಂದ ಕನಿಷ್ಠ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಈ ಮಾತ್ರೆಯನ್ನು ಸೇವಿಸಬೇಕು. ಕಾಫಿ ಟೀ ಜೊತೆಯಲ್ಲಿ ಕೂಡದು.

ಇನ್ನು ಹೆಣ್ಣು ಹೆತ್ತವಳೆಂಬ ಬೈಗುಳ. ತಾಯಿಯ ಅಂಡಗಳೆಲ್ಲ ಒಂದೇ ಬಗೆಯವು. ಗಂಡಾಗಿಸುವ ಬಗೆ, ಹೆಣ್ಣಾಗಿಸುವ ಬಗೆ ಎಂದು ಎರಡು ಬಗೆಯಿರುವುದು ತಂದೆಯ ವೀರ್ಯಾಣುಗಳಲ್ಲಿ. ಯಾವುದು ಅಂಡವನ್ನು ಸೇರುವುದೆಂಬುದು ಗಂಡನ ಕೈಯಲ್ಲೂ ಇಲ್ಲ, ಹೆಂಡತಿಯ ಕೈಯಲ್ಲಂತೂ ಇಲ್ಲವೇ ಇಲ್ಲ. ಭ್ರೂಣದ ಲಿಂಗ ಪತ್ತೆ ಮಾಡುವುದನ್ನು 1994ರ ಕಾಯಿದೆ ನಿಷೇಧಿಸಿದೆ.

ಮಕ್ಕಳ ತಜ್ಞರು ಹೇಳುವುದು

ಹಸು ಕರು ಹಾಕಿದಾಗ ಗಿಣ್ಣಿನ ಹಾಲಿಗೆ ಎಷ್ಟು ಬೆಲೆ! ನೆಂಟರ ಮನೆಗೆ ಕಳುಹಿಸುತ್ತೇವೆ, ಬೆಲ್ಲ ಏಲಕ್ಕಿ ಹಾಕಿ ಕಾಯಿಸಿ ತಿನ್ನುತ್ತೇವೆ. ಕರುವಿಗೆ ಗಿಣ್ಣು ಕುಡಿಸದಿದ್ದರೆ ಅದು ಬದುಕುವುದು ಕಷ್ಟವೆಂದು ದನ ಕಾಯುವ ಹುಡುಗನೂ ಬಲ್ಲ. ಆದರೆ ಬಾಣಂತಿಯ ಎದೆಯಲ್ಲಿ ಮೊದಲು ಬರುವ ಹಳದಿ ಹಾಲನ್ನು ಮಾತ್ರ ಕೆಟ್ಟ ಹಾಲೆಂದು ಹಿಂಡಿ ಚೆಲ್ಲುವ ಮನೆಗಳಿವೆ. ಅದೂ ಗಿಣ್ಣೇ. ರೋಗ ತಡೆಯುವ ಶಕ್ತಿ ಅದರಲ್ಲಿ ತುಂಬಿದೆ. ಮಗು ಹುಟ್ಟಿದ ಒಂದು ಗಂಟೆಯೊಳಗೆ ಅದನ್ನು ಕುಡಿಸಬೇಕು. ಜೇನುತುಪ್ಪ, ಹರಳೆಣ್ಣೆ, ಸಕ್ಕರೆ ನೀರು, ಬಜೆ ಯಾವುದೂ ಬೇಡ. ಆರು ತಿಂಗಳು ತುಂಬುವವರೆಗೆ ಬೇಸಿಗೆಯಲ್ಲಿ ಸಹ ನೀರು ಬೇಕಿಲ್ಲ. ತಾಯಿಯ ಹಾಲಿನಲ್ಲೇ ಬೇಕಾದಷ್ಟು ನೀರಿದೆ.

ಕೂಸಿನ ಮೈ ಹಳದಿಯಾದರೆ, ಹೊಟ್ಟೆ ಉಬ್ಬಿದರೆ ಕಾದ ಬಳೆಯಿಂದಲೋ ಕಡ್ಡಿಯಿಂದಲೋ ಬರೆ ಹಾಕಿಸುವುದು ಇನ್ನೂ ಪೂರ್ತಿಯಾಗಿ ನಿಂತಿಲ್ಲ. ಬರೆಯಿಂದ ಕಾಮಾಲೆ ಇಳಿಯುವುದಿಲ್ಲ, ಗಾಯಕ್ಕೆ ನಂಜು ಸೇರಿ ಕೂಸು ಸಾಯಬಹುದು. ಹುಟ್ಟಿದ ಕೂಸಿನ ಕಾಮಾಲೆ ಹೆಚ್ಚಾದರೆ ಆಸ್ಪತ್ರೆಯಲ್ಲಿ ನೀಲಿ ಬೆಳಕಿನ ಕೆಳಗೆ ಮಲಗಿಸಿ ಗುಣಪಡಿಸುತ್ತಾರೆ. ಹುಟ್ಟಿದ ದಿನವೇ ಹಳದಿ ಕಂಡರೆ, ಅಥವಾ ಅಂಗೈ ಅಂಗಾಲುಗಳೂ ಹಳದಿಯಾದರೆ ಒಂದು ರಾತ್ರಿಯೂ ಕಾಯಬೇಡಿ.

ಭೇದಿಯಾದ ಮಗುವಿಗೆ ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆಂದು ಬಾಯಿ ಒಣಗಿಸುವುದು ಇನ್ನೊಂದು ಅನಾಹುತ. ಮಗುವನ್ನು ಕೊಲ್ಲುವುದು ಮೈಯಿಂದ ಸೋರಿಹೋದ ನೀರು ಮತ್ತು ಉಪ್ಪಿನ ಕೊರತೆ. 1971ರಲ್ಲಿ ಬಂಗಾಳದ ಗಡಿಯ ಬನಗಾಂವ್‌ನಲ್ಲಿ ನಿರಾಶ್ರಿತರ ನಡುವೆ ಕಾಲರಾ ಹರಡಿದಾಗ ರಕ್ತನಾಳಕ್ಕೆ ಕೊಡುವ ದ್ರಾವಣ ಮುಗಿಯುತ್ತ ಬಂತು. ಆಗ ಡಾಕ್ಟರ್ ದಿಲೀಪ್ ಮಹಲನಬಿಸ್ ಅವರು ಉಪ್ಪು, ಅಡುಗೆ ಸೋಡ ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಬಾಯಿಯ ಮೂಲಕವೇ ಕುಡಿಸುವ ವ್ಯವಸ್ಥೆ ಮಾಡಿದರು. ಕುಡಿಸುತ್ತಿದ್ದವರು ಬಹುಪಾಲು ರೋಗಿಗಳ ಮನೆಯವರೇ. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು.

ಅದೇ ಬಗೆಯ ಪುಡಿ ಇಂದು ಓ.ಆರ್.ಎಸ್. ಪೊಟ್ಟಣವಾಗಿ ಆಶಾ ಕಾರ್ಯಕರ್ತೆಯ ಬಳಿ ಸಿಗುತ್ತದೆ. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಶುದ್ಧ ನೀರಿಗೆ ಒಮ್ಮೆಗೇ ಹಾಕಿ ಕಲಕಿ. ಅರ್ಧ ಪೊಟ್ಟಣವನ್ನು ಲೋಟಕ್ಕೆ ಅಂದಾಜಿನಲ್ಲಿ ಸುರಿದರೆ ಉಪ್ಪು ಹೆಚ್ಚಾಗಿ ಕೇಡಾಗುತ್ತದೆ. ಚಮಚದಿಂದ ಸ್ವಲ್ಪ ಸ್ವಲ್ಪವಾಗಿ ಕುಡಿಸಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಕುಡಿಸಿ. ಎದೆಹಾಲನ್ನಾಗಲಿ ಊಟವನ್ನಾಗಲಿ ನಿಲ್ಲಿಸಬೇಡಿ. ಸತುವಿನ ಮಾತ್ರೆಯನ್ನು ಭೇದಿ ನಿಂತರೂ 14 ದಿನ ಪೂರ್ತಿ ಕೊಡಬೇಕು. ಕಣ್ಣು ಗುಳಿಬಿದ್ದರೆ, ಮಗು ಕುಡಿಯಲಾರದೆ ಮಂಕಾದರೆ, ಮಲದಲ್ಲಿ ರಕ್ತ ಕಂಡರೆ ದಾರಿಯುದ್ದಕ್ಕೂ ಚಮಚದಲ್ಲಿ ಕುಡಿಸುತ್ತಲೇ ಆಸ್ಪತ್ರೆಗೆ ಕರೆತನ್ನಿ. ಕಲಸಿಟ್ಟ ದ್ರಾವಣ 24 ಗಂಟೆ ಮಾತ್ರ ಬಳಕೆಗೆ ಯೋಗ್ಯ. ಉಳಿದದ್ದನ್ನು ಚೆಲ್ಲಿ ಹೊಸ ಪೊಟ್ಟಣ ಒಡೆಯಿರಿ.