ಸೊಳ್ಳೆಯ ಕರುಳಿನ ಗೋಡೆ

ಕನ್ನಡಿಗರು ಮೈಲಾರನೆಂದು ನಮಿಸುವ ಖಂಡೋಬನ ಜೇಜುರಿಗೆ ನಾವು ಯಾತ್ರೆ ಹೋಗುವುದುಂಟು. ಅಲ್ಲಿಯಾಗಲಿ ನಮ್ಮ ನಗರದಲ್ಲಾಗಲಿ, ನಿಂತ ನೀರಿನಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಹುಟ್ಟಬಲ್ಲದು.

ಹೆಣ್ಣು ಸೊಳ್ಳೆಯು ಹೀರಿದ ರಕ್ತ ಅದರ ನಡುಗರುಳನ್ನು ಸೇರುವುದು. ಸೂಕ್ಷ್ಮದರ್ಶಕದಲ್ಲಿ ನಾವು ನೋಡಿದರೆ, ಆ ಕರುಳಿನ ಗೋಡೆ ಒಂದೇ ಸಾಲು ಜೀವಕೋಶಗಳದು. ಒಳಮೈಯಲ್ಲಿ ರೋಮದಂತಹ ಚಾಚುಗಳು, ಹೊರಗೆ ತೆಳುಪೊರೆ, ಅದರಾಚೆ ಸ್ನಾಯುಗಳ ಬಲೆ. ರೋಗಾಣುವು ಸುಮಾರು ಒಂದು ದಿನದಲ್ಲಿ ಕೋಶಗಳನ್ನು ದಾಟಿ, ಪೊರೆಯ ಅಡಿಯಲ್ಲಿ ಗಂಟಾಗಿ ನಿಲ್ಲುವುದು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಕಂಡುದು ಇಂತಹ ಗಂಟುಗಳನ್ನೇ.

ಗಂಟು ಬಲಿತು ಒಡೆದು, ಸಾವಿರಾರು ರೋಗಾಣುಗಳು ಹೊರಬಿದ್ದು ಲಾಲಾಗ್ರಂಥಿಯನ್ನು ಸೇರಲು ಸಾಮಾನ್ಯವಾಗಿ ಹತ್ತು ದಿನಗಳಾದರೂ ಬೇಕು. ಅಷ್ಟರೊಳಗೆ ಸೊಳ್ಳೆ ಸತ್ತರೆ ಅದರಿಂದ ರೋಗ ಹರಡದು. ಮನೆಯ ಗೋಡೆಗೆ ಕೀಟನಾಶಕ ಸಿಂಪಡಿಸುವುದರ ಮರ್ಮವಿದೇ.