ನ್ಯಾಯದ ಬಾಗಿಲುಗಳು

ಮನೆಗೆ ಕನ್ನ ಬಿದ್ದರೆ ಊರವರು ಕಳ್ಳನನ್ನು ಹಳಿಯುತ್ತಾರೆ, ಮನೆಯವರನ್ನು ಸಂತೈಸುತ್ತಾರೆ. ಆದರೆ ಹೆಣ್ಣಿನ ಮೇಲೆ ಅತ್ಯಾಚಾರ ನಡೆದಾಗ ನಮ್ಮ ಸಮಾಜವು ಬಹುಕಾಲ ಇದಕ್ಕೆ ವಿರುದ್ಧವಾಗಿ ನಡೆದುಕೊಂಡಿತು. ತಪ್ಪು ಮಾಡಿದವನು ತಲೆಯೆತ್ತಿ ತಿರುಗುತ್ತಿದ್ದನು. ನೊಂದವಳು ‘ಮಾನ ಹೋಯಿತು’ ಎಂಬ ಮಾತನ್ನು ಹೊತ್ತು ಮೂಲೆ ಸೇರುತ್ತಿದ್ದಳು. ಈ ಅನ್ಯಾಯವನ್ನು ನೀಗಲು ಜನರೂ ಕಾನೂನೂ ನಡೆಸಿದ ಪ್ರಯತ್ನವನ್ನು ಎಲ್ಲರೂ ಅರಿಯಬೇಕು.

ರಾಯಚೂರು ಜಿಲ್ಲೆಯ ಯಾಪಲದಿನ್ನಿಯಾಗಲಿ, ನಾಡಿನ ಬೇರಾವ ಹಳ್ಳಿಯಾಗಲಿ, ನೊಂದವಳಿಗೆ ನ್ಯಾಯ ದೊರೆಯಬೇಕಾದರೆ ಆಸ್ಪತ್ರೆ, ಪೊಲೀಸ್ ಠಾಣೆ, ನ್ಯಾಯಾಲಯ ಎಂಬ ಮೂರು ಬಾಗಿಲುಗಳು ತೆರೆಯಬೇಕು. ಒಂದು ಕಾಲದಲ್ಲಿ ಇವು ಸುಲಭವಾಗಿ ತೆರೆಯುತ್ತಿರಲಿಲ್ಲ.

1972ರಲ್ಲಿ ಮಹಾರಾಷ್ಟ್ರದ ಒಂದು ಠಾಣೆಯಲ್ಲಿ ಬುಡಕಟ್ಟಿನ ಬಾಲಕಿಯೊಬ್ಬಳ ಮೇಲೆ ಅತ್ಯಾಚಾರವಾಯಿತೆಂದು ಇಬ್ಬರು ಪೊಲೀಸರ ವಿರುದ್ಧ ಮೊಕದ್ದಮೆ ನಡೆಯಿತು. ಅವಳ ಮೈಮೇಲೆ ಗಾಯದ ಗುರುತಿಲ್ಲವೆಂಬುದನ್ನು ಮುಖ್ಯವಾಗಿ ಎಣಿಸಿ ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ಅವರನ್ನು ಬಿಡುಗಡೆ ಮಾಡಿತು. ಹೆದರಿ ಸುಮ್ಮನಿರುವುದು ಒಪ್ಪಿಗೆಯಲ್ಲವೆಂದು ನಾಲ್ವರು ಕಾನೂನು ಅಧ್ಯಾಪಕರು ಮರುವರ್ಷ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಮಹಿಳೆಯರು ಊರೂರುಗಳಲ್ಲಿ ಬೀದಿಗಿಳಿದರು. ಇದರ ಫಲವಾಗಿ 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ಪೊಲೀಸರ ವಶದಲ್ಲಿ ನಡೆದ ಇಂತಹ ಕೃತ್ಯಗಳಲ್ಲಿ ‘ನಾನು ಒಪ್ಪಿರಲಿಲ್ಲ’ ಎಂದು ಹೆಣ್ಣು ಹೇಳಿದರೆ ನ್ಯಾಯಾಲಯವು ಹಾಗೆಂದೇ ಭಾವಿಸಬೇಕೆಂಬ ನಿಯಮ ಬಂದಿತು. ನೊಂದವಳ ಹೆಸರನ್ನು ಪ್ರಕಟಿಸುವುದು ಅಪರಾಧವಾಯಿತು.

ಆಸ್ಪತ್ರೆಯ ಬಾಗಿಲಿನ ಕಥೆಯಲ್ಲಿ ಕರ್ನಾಟಕಕ್ಕೂ ಸ್ಥಾನವಿದೆ. ನಮ್ಮ ರಾಜ್ಯದ ಮೊಕದ್ದಮೆಯೊಂದರಲ್ಲಿ 2000ದಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು, ಪೊಲೀಸರು ಕಳುಹಿಸಿದ ಹೊರತು ಪರೀಕ್ಷಿಸುವುದಿಲ್ಲವೆನ್ನುವ ಸರ್ಕಾರಿ ವೈದ್ಯರ ನಡವಳಿಕೆಯನ್ನು ಖಂಡಿಸಿತು. ಆಸ್ಪತ್ರೆಗಳು ವಿರಳವಾದ ಹಳ್ಳಿಗಾಡಿನಲ್ಲಿ ಹೀಗೆ ತಡವಾದರೆ ಸಾಕ್ಷ್ಯವೇ ತೊಳೆದುಹೋಗುತ್ತದೆ. ಸಾಕ್ಷ್ಯ ಅಳಿದರೆ ಅಪರಾಧಿ ಪಾರಾಗುತ್ತಾನೆ.

2012ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನಡೆದ ಕ್ರೂರ ಕೃತ್ಯದ ಬಳಿಕ ದೇಶವೇ ಕೆರಳಿತು. ನ್ಯಾಯಮೂರ್ತಿ ಜೆ. ಎಸ್. ವರ್ಮಾ ಸಮಿತಿಯು ಒಂದೇ ತಿಂಗಳಲ್ಲಿ ವರದಿ ನೀಡಿತು. 2013ರ ತಿದ್ದುಪಡಿಯು ನೊಂದವಳಿಗೆ ಎಲ್ಲ ಆಸ್ಪತ್ರೆಗಳೂ ಉಚಿತವಾಗಿ, ಕೂಡಲೇ ಚಿಕಿತ್ಸೆ ನೀಡಬೇಕೆಂದು ವಿಧಿಸಿತು. ದೂರನ್ನು ದಾಖಲಿಸದ ಪೊಲೀಸ್ ಅಧಿಕಾರಿಗೆ ಶಿಕ್ಷೆಯನ್ನು ಗೊತ್ತುಪಡಿಸಿತು. 2024ರಲ್ಲಿ ಜಾರಿಗೆ ಬಂದ ಹೊಸ ಸಂಹಿತೆಗಳಲ್ಲಿಯೂ ಈ ನಿಯಮಗಳಿವೆ. ಕೃತ್ಯವು ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಹದಿನೆಂಟು ತುಂಬದ ಮಕ್ಕಳ ರಕ್ಷಣೆಗೆ 2012ರ ಪೋಕ್ಸೊ ಕಾಯಿದೆ ಇದೆ. ಮಕ್ಕಳು 1098 ಸಂಖ್ಯೆಗೆ ಕರೆಮಾಡಿ ನೆರವು ಕೇಳಬಹುದು.

ಆದರೆ ಈ ಮೂರಕ್ಕೂ ಮೊದಲಿನ ಬಾಗಿಲೊಂದಿದೆ; ಅದು ಮನೆಯದು. ಮಗಳು ಅಳುತ್ತ ಬಂದಾಗ ‘ಅಲ್ಲಿಗೇಕೆ ಹೋಗಿದ್ದೆ?’ ಎಂದು ಗದರಿಸಿದರೆ, ಊರಿನ ಹಿರಿಯರು ಕೂಡಿ ರಾಜಿ ಮಾಡಿಸಿದರೆ, ಉಳಿದ ಬಾಗಿಲುಗಳು ತೆರೆದಿದ್ದೂ ವ್ಯರ್ಥ. ಅವಳ ಮಾತನ್ನು ನಂಬಿ ಜೊತೆಗೆ ಹೆಜ್ಜೆಯಿಡುವವರಿದ್ದಾಗಲೇ ಕಾನೂನು ಅವಳನ್ನು ಕಾಯಬಲ್ಲದು. ನಾಚಿಕೆ ಅಪರಾಧಿಯ ಪಾಲಿಗಿರಲಿ. ನೊಂದವಳಿಗೆ ನ್ಯಾಯ ಸಲ್ಲಲಿ.